ಮಾಡದೊಳಗಿನ ಬೂದಿ ಡಬ್ಬಿ

ತಿರುಪ್ಪೂರಿನ ಜನ ದೇವರಿಗೆ ಹೇಗೆ ಕೈಮುಗಿಯುತ್ತಾರೆ ಅಂತ ನೋಡಬೇಕಾದರೆ ಗುಡಿಯೊಳಗೆ ಹೋಗಬೇಕಿಲ್ಲ, ಗುಡಿ ಎದುರಿನ ರಸ್ತೆಯಲ್ಲಿ ನಿಂತರೆ ಸಾಕು. ಬೆಳಗ್ಗೆ ಕಂಪೆನಿಗಳು ಶುರುವಾಗುವ ಹೊತ್ತಿಗೆ ಸಾಲುಗಟ್ಟಿ ಬರುವ ಬೈಕು ಸ್ಕೂಟರುಗಳು ಪಿಳ್ಳೆಯಾರ್, ಅಂದರೆ ಗಣಪನ ಗುಡಿಯ ಮುಂದೆ ಬಂದ ಕೂಡಲೇ ಒಂದು ವಿಶೇಷ ನಡೆಯುತ್ತದೆ. ಬಲಗೈ ಆಕ್ಸಿಲರೇಟರ್ ಬಿಡುವಂತಿಲ್ಲ. ಆದ್ದರಿಂದ ಎಡಗೈ ಒಂದೇ ಹ್ಯಾಂಡಲ್ ಬಿಟ್ಟು ಕೆನ್ನೆಗೆ ಹೋಗಿ, ಕೆನ್ನೆಯಿಂದ ಎದೆಗೆ ಇಳಿದು, ಎದೆಯಿಂದ ನೇರವಾಗಿ ಹಾರನ್ನಿಗೆ ಬರುತ್ತದೆ. ದೇವರಿಗೂ ಮುಂದಿನ ಲಾರಿಯವನಿಗೂ ಒಂದೇ ಉಸಿರಿನಲ್ಲಿ ವಿಷಯ ತಿಳಿಸಿದ ಹಾಗಾಯಿತು. ನನ್ನ ಗಂಡ ಈ ವಿದ್ಯೆಯಲ್ಲಿ ಪಳಗಿದವರು. ನಾನು ಹಿಂದೆ ಕೂತು ಎರಡೂ ಕೈಯಲ್ಲಿ ಊಟದ ಚೀಲ ಹಿಡಿದಿರುತ್ತೇನಾದ್ದರಿಂದ ನನ್ನ ಪಾಲಿನ ನಮಸ್ಕಾರವೂ ಅವರದೇ ಜವಾಬ್ದಾರಿ. "ನಿನ್ನದೂ ಸೇರಿಸಿ ಹಾಕಿದೀನಿ, ಮ್ಯಾನೇಜರಮ್ಮಾ" ಎಂದು ಕೂಗಿ ಹೇಳಿ ಗೇರ್ ಬದಲಾಯಿಸುತ್ತಾರೆ.

ಬಹಳ ಕಾಲ ನನ್ನ ಅಧ್ಯಾತ್ಮ ಇಷ್ಟೇ ಆಗಿತ್ತು. ಅದು ಸಾಲದು ಅಂತ ನನಗೆ ಅನ್ನಿಸಿದ್ದು ಅವ್ವನ ಕೈ ನಡುಗಲು ಶುರುವಾದ ಮೇಲೆ.

ನಾನು ಯಾರು ಅಂತ ಮೊದಲು ಹೇಳಿಬಿಡುತ್ತೇನೆ. ಪಲ್ಲಡಂ ಹತ್ತಿರದ ಒಂದು ನೇಕಾರರ ಬೀದಿಯಲ್ಲಿ ಹುಟ್ಟಿದವಳು. ನಮ್ಮ ಮನೆತನದಲ್ಲಿ ಮೊದಲು ಪದವಿ ಪಡೆದವಳು. ಇದನ್ನು ಹೇಳುವಾಗ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ, ಆಗಲಿ ಬಿಡಿ. ಬಸ್ಸಿನ ಕಂಬಿ ಹಿಡಿದು ನಿಂತೇ ಓದಿದ ಪದವಿ ಅದು. ಈಗ ಒಂದು ಬನಿಯನ್ ಕಂಪೆನಿಯಲ್ಲಿ ಸರಕಿನ ಗುಣಮಟ್ಟ ನೋಡಿಕೊಳ್ಳುವ ಕೆಲಸ. ಮನೆಯಲ್ಲಿ ನಾವು ಆಡುವುದು ಕನ್ನಡ, ತಮಿಳಿನ ರಾಗದಲ್ಲಿ. ಓದಿದ್ದೆಲ್ಲ ತಮಿಳು, ಇಂಗ್ಲಿಷು. ಕನ್ನಡ ಅಕ್ಷರ ಕಲಿತದ್ದು ನೌಕರಿಗೆ ಸೇರಿದ ಮೇಲೆ, ಹಾಸನದ ಕಡೆಯಿಂದ ಬಂದು ನಮ್ಮ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗಿಯಿಂದ. ಅವಳು ರಟ್ಟಿನ ಪೆಟ್ಟಿಗೆಯ ಮೇಲೆ ಮಾರ್ಕರಿನಲ್ಲಿ ಅಆಇಈ ಬರೆದುಕೊಟ್ಟಳು. ಆದ್ದರಿಂದ ನನ್ನ ಬರವಣಿಗೆಯಲ್ಲಿ ಅಲ್ಲಲ್ಲಿ ರಟ್ಟಿನ ವಾಸನೆ ಬಂದರೆ ಸಹಿಸಿಕೊಳ್ಳಿ.

ಅಪ್ಪ ಹೋದ ಮೇಲೆ ಅವ್ವ ನಮ್ಮ ಜೊತೆಯೇ ಇದ್ದಾಳೆ. ಬಂದವಳು ಮಾಡಿದ ಮೊದಲ ಕೆಲಸ ನಮ್ಮ ಫ್ಲಾಟಿನ ಅಡುಗೆಮನೆಯ ಮೂಲೆಯಲ್ಲಿ ಮಿಕ್ಸಿ ಇದ್ದ ಹಲಗೆಯಿಂದ ಮಿಕ್ಸಿಯನ್ನು ಕೆಳಗಿಳಿಸಿ ನಮ್ಮ ಕುಲದೇವತೆ ಚೌಡಮ್ಮನ ಪಟ ಇಟ್ಟದ್ದು. ಆವತ್ತಿನಿಂದ ದಿನಾ ಬೆಳಗ್ಗೆ ನಾನು ಹಲ್ಲುಜ್ಜುತ್ತಾ ಈಚೆ ಬರುವ ಹೊತ್ತಿಗೆ ಅಲ್ಲಿ ದೀಪ ಉರಿಯುತ್ತಿರುತ್ತಿತ್ತು. ನಾನು ಅದನ್ನು ಹಚ್ಚುವುದನ್ನೂ ನೋಡಿದವಳಲ್ಲ, ಆರುವುದನ್ನೂ ನೋಡಿದವಳಲ್ಲ. ಕರೆಂಟು, ನೀರು, ಹಾಲಿನವನು, ಹಾಗೆ ದೀಪ. ಮನೆಯಲ್ಲಿ ತಾನಾಗಿ ಇರುವ ಒಂದು ಸೌಕರ್ಯ.

ಆಮೇಲೆ ಅವ್ವನ ಬಲಗೈ ಹೆಬ್ಬೆರಳೂ ತೋರುಬೆರಳೂ ಒಂದಕ್ಕೊಂದು ಉಜ್ಜಿಕೊಳ್ಳಲು ಶುರುಮಾಡಿದವು. ಸುಮ್ಮನೆ ಕೂತಾಗ, ಟಿವಿ ನೋಡುವಾಗ, ಎರಡು ಬೆರಳು ಮಾತ್ರ ಅವಳನ್ನು ಕೇಳದೆ ತಮ್ಮ ಪಾಡಿಗೆ ತಾವು ಉರುಳುತ್ತಿದ್ದವು. ಕೊಯಮತ್ತೂರಿನ ನರರೋಗದ ಡಾಕ್ಟರು ನೋಡಿ, ಈ ನಡುಕಕ್ಕೆ ವೈದ್ಯರು ಮಾತ್ರೆ ಉರುಳಿಸುವ ನಡುಕ ಅಂತ ಹೇಳುತ್ತಾರೆ, ಹಿಂದಿನ ಕಾಲದಲ್ಲಿ ಔಷಧಿ ಉಂಡೆಯನ್ನು ಬೆರಳಲ್ಲೇ ಉರುಳಿಸಿ ಮಾಡುತ್ತಿದ್ದರಲ್ಲ, ಹಾಗೆ ಕಾಣುತ್ತದೆ ಎಂದು ವಿವರಿಸಿದರು. ನನ್ನ ಕಣ್ಣಿಗೆ ಮಾತ್ರ ಮಾತ್ರೆ ಕಾಣಲಿಲ್ಲ. ನಾನು ನೇಕಾರರ ಮಗಳು. ಆ ಎರಡು ಬೆರಳ ನಡುವೆ ನನಗೆ ಕಂಡದ್ದು ನೂಲು. ಮಗ್ಗದ ಹಿಂದೆ ಕೂತು ಹಳೆಯ ಎಳೆಗೆ ಹೊಸ ಎಳೆ ಹೊಸೆದು ಸೇರಿಸುವಾಗ ಅವ್ವನ ಬೆರಳು ಥೇಟ್ ಹೀಗೇ ಆಡುತ್ತಿತ್ತು. ನೂಲು ಹೋಗಿದೆ, ಬೆರಳಿಗೆ ಇನ್ನೂ ಗೊತ್ತಾಗಿಲ್ಲ ಅನ್ನಿಸಿತು. ಡಾಕ್ಟರು ಇನ್ನೂ ಒಂದು ಮಾತು ಹೇಳಿದರು: ಕೈ ಸುಮ್ಮನಿದ್ದಾಗ ಈ ನಡುಕ ಹೆಚ್ಚು, ಏನಾದರೂ ಹಿಡಿದು ಕೆಲಸ ಮಾಡುವಾಗ ಕೆಲವರಿಗೆ ಸ್ವಲ್ಪ ಕಡಿಮೆಯಾಗುತ್ತದೆ. ಈ ಮಾತನ್ನು ನಾನು ಕೇಳಿಸಿಕೊಂಡೆ, ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ಒಂದು ಬೆಳಗ್ಗೆ ಉರಿಯುವ ಬೆಂಕಿಕಡ್ಡಿ ಅವ್ವನ ಕೈಜಾರಿ ಸೆರಗಿನ ಮೇಲೆ ಬಿತ್ತು. ನನ್ನ ಗಂಡ ಓಡಿಬಂದು ಬರಿಗೈಯಲ್ಲೇ ಹೊಸಕಿ ಆರಿಸಿದರು. ಬಟ್ಟೆಯಲ್ಲಿ ಬೆರಳು ತೂರುವಷ್ಟು ತೂತು ಬಿತ್ತು, ಬೇರೆ ಏನೂ ಆಗಲಿಲ್ಲ. ಅವ್ವ ಕೂಗಲೂ ಇಲ್ಲ. ಬೆಂಕಿಪೆಟ್ಟಿಗೆಯನ್ನು ತಂದು ನನ್ನ ಕೈಯಲ್ಲಿಟ್ಟಳು.

"ಇನ್ನ ನೀನೇ ನೋಡ್ಕೋ, ಅಮ್ಮಿಣಿ."

"ಯಾಕವ್ವಾ, ಕಡ್ಡಿ ನಾನು ಗೀರಿಕೊಡ್ತೀನಿ, ನೀನು ಹಚ್ಚು."

"ಕೈ ಇಲ್ದೋಳಿಗೆ ಸಾಮಿ ಕೂಡ ಏನು ವೇಲೆ?" ಅಂದಳು. ವೇಲೆ ಅಂದರೆ ನಮ್ಮ ಮನೆಮಾತಿನಲ್ಲಿ ಕೆಲಸ. ದೇವರ ಜೊತೆ ತನಗಿದ್ದ ವ್ಯವಹಾರವೆಲ್ಲ ಕೈಯ ಮೂಲಕವೇ, ಕೈ ಹೋದ ಮೇಲೆ ಆ ನೌಕರಿಯೂ ಹೋಯಿತು ಅನ್ನುವ ಅರ್ಥದಲ್ಲಿ.

ಆಮೇಲೆ ಅವಳು ಆ ಹಲಗೆಯ ಕಡೆ ಬರುವುದನ್ನೇ ಬಿಟ್ಟಳು. ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಬಲಗೈಯನ್ನು ಎಡಗೈಯಿಂದ ಮುಚ್ಚಿ ಹಿಡಿದು ಕೂರುವುದು. ಊಟ ಕಡಿಮೆಯಾಯಿತು. ಮಾತು ಅದಕ್ಕಿಂತ ಕಡಿಮೆಯಾಯಿತು. ಯಾರಾದರೂ ನೆಂಟರು ಬಂದರೆ ಸೆರಗಿನ ಕೆಳಗೆ ಕೈ. ನನಗೆ ಭಯವಾಗಿದ್ದು ನಡುಕಕ್ಕಲ್ಲ. ಅದಕ್ಕೆ ಮಾತ್ರೆ ಇದೆ. ನನ್ನ ಅವ್ವ ನಮ್ಮ ಮನೆಯಲ್ಲಿ ಇದ್ದುಕೊಂಡೇ ಸ್ವಲ್ಪ ಸ್ವಲ್ಪವಾಗಿ ಎದ್ದು ಹೋಗುತ್ತಿದ್ದಾಳೆ ಅನ್ನಿಸಿತು. ಅವಳು ಮತ್ತೆ ಆ ಹಲಗೆಯ ಮುಂದೆ ನಿಂತರೆ ಉಳಿದದ್ದೆಲ್ಲ ಹಿಂದಿರುಗುತ್ತದೆ ಅಂತ ನನಗೆ ಯಾಕೋ ಗಟ್ಟಿಯಾಗಿ ಅನ್ನಿಸುತ್ತಿತ್ತು.

ದೀಪ ಹಚ್ಚುವ ಕೆಲಸ ನನಗೆ ಬಂತಲ್ಲ, ಅದನ್ನು ನಾನು ಶಿಪ್‌ಮೆಂಟ್ ಕಳಿಸುವ ಹಾಗೆ ಮಾಡುತ್ತಿದ್ದೆ. ಎಣ್ಣೆ, ಬತ್ತಿ, ಕಡ್ಡಿ, ಮುಂದಿನದು ಏನು? ಇಷ್ಟು ಅವಸರದಲ್ಲಿ ಹಚ್ಚಿದ ದೀಪದ ಎದುರು ಅವ್ವ ಬಂದು ನಿಲ್ಲುವುದು ಹೇಗೆ? ಮೊದಲು ನಾನು ನೆಟ್ಟಗೆ ನಿಲ್ಲುವುದನ್ನು ಕಲಿಯಬೇಕು ಅಂದುಕೊಂಡೆ. ಓದಿದವಳಲ್ಲವೇ, ಕಲಿಯಬೇಕಾದ ವಿಷಯ ಅಂದ ಮೇಲೆ ಸಾಮಗ್ರಿ ಕೂಡಿಸತೊಡಗಿದೆ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕೊಯಮತ್ತೂರಿನ ಕಡೆಗೆ ಮನಶ್ಶಾಂತಿ ಹುಡುಕಿಕೊಂಡು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ವಿಮಾನ ಇಳಿದು, ಬಿಳಿ ಬಟ್ಟೆ ಉಟ್ಟು, ಬೆಟ್ಟದ ಕಡೆ ಹೋಗುತ್ತಾರೆ. ಬೆಳಗಿನ ಬಸ್ಸುಗಳಲ್ಲಿ ಅವರನ್ನು ನೋಡಿದ್ದೇನೆ, ಮುಖದಲ್ಲಿ ನಿಜವಾಗಿ ಏನೋ ತಿಳಿಯಾದದ್ದು ಇರುತ್ತದೆ. ಅದೇ ಬೆಟ್ಟದ ಗಾಳಿ ಕುಡಿದು ಬೆಳೆದ ನಮಗೆ ಸಿಕ್ಕಿರುವುದು ರಕ್ತದೊತ್ತಡ. ದೂರದಿಂದ ಬಂದವರಿಗೆ ಸಿಗುವುದು ಹತ್ತಿರ ಇರುವವರಿಗೆ ಯಾಕೆ ಸಿಗುವುದಿಲ್ಲ ಅಂತ ಯೋಚಿಸಿದ್ದೇನೆ. ಬಹುಶಃ ಅವರು ರಜೆ ಹಾಕಿ ಬಂದಿರುತ್ತಾರೆ, ನಾವು ಹಾಕುವುದಿಲ್ಲ, ಅಷ್ಟೇ.

ಒಂದು ಒಳ್ಳೆಯ ಚಾಪೆ ತಂದೆ. ಫೋನಿಗೆ ಒಂದು ಧ್ಯಾನದ ಆಪ್ ಹಾಕಿಕೊಂಡೆ. ಅದರಲ್ಲಿ ಒಬ್ಬ ಗಂಡಸು ಬಹಳ ಮೆತ್ತಗೆ, ಕಿವಿಯಲ್ಲಿ ಎಣ್ಣೆ ಬಿಟ್ಟ ಹಾಗೆ, ಉಸಿರನ್ನು ಗಮನಿಸಿ ಅನ್ನುತ್ತಾನೆ. ಗಮನಿಸುವುದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ. ದಿನವಿಡೀ ಬಿಳಿ ದೀಪದ ಕೆಳಗೆ ಬನಿಯನ್ ಹರಡಿ ಎಲ್ಲಿ ತೂತು, ಎಲ್ಲಿ ಕಲೆ, ಎಲ್ಲಿ ಹೊಲಿಗೆ ಬಿಟ್ಟಿದೆ ಅಂತ ಹುಡುಕುವುದೇ ನನ್ನ ಹೊಟ್ಟೆಪಾಡು. ಆ ಕಣ್ಣನ್ನು ಮುಚ್ಚಿದರೂ ಅದು ತನ್ನ ಬುದ್ಧಿ ಬಿಡಲಿಲ್ಲ. ಈ ಉಸಿರು ಸ್ವಲ್ಪ ಗಿಡ್ಡ, ಆ ಉಸಿರು ಹಿಂದಿನದಕ್ಕೆ ಹೊಂದುತ್ತಿಲ್ಲ, ಇದು ರಿಜೆಕ್ಟ್. ಉಸಿರಿನ ಇಡೀ ಲಾಟ್ ವಾಪಸ್ ಕಳಿಸಿ ಎದ್ದು ಬರುತ್ತಿದ್ದೆ.

ಬಿಟ್ಟುಬಿಟ್ಟೆನೇ? ಇಲ್ಲ. ಮುಂದಿನ ಸೋಮವಾರದಿಂದ ಹೊಸದಾಗಿ ಶುರು ಮಾಡುತ್ತಿದ್ದೆ. ಸೋಮವಾರ ತಪ್ಪಿದರೆ ಅಮಾವಾಸ್ಯೆ ಕಳೆದ ಮೇಲೆ, ಅದೂ ತಪ್ಪಿದರೆ ಆಡಿ ತಿಂಗಳು, ಅಂದರೆ ಆಷಾಢ, ಹೋಗಲಿ ಅಂತ. ಹೀಗೆ ಹೊಸದಾಗಿ ಶುರು ಮಾಡುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ನನ್ನ ಗಂಡ ಒಂದು ದಿನ ಚಾಪೆ ಸುತ್ತಿ ಒರಗಿಸಿಡುತ್ತಾ, "ಇದು ನಿನಗಿಂತ ಜಾಸ್ತಿ ಧ್ಯಾನ ಮಾಡ್ತದೆ ನೋಡು, ಮೂಲೇಲಿ ಅಲ್ಲಾಡದೆ ನಿಂತದೆ" ಅಂದರು. ಬಾಲ್ಕನಿಯಲ್ಲಿದ್ದ ಅವ್ವ ಬೇರೆ ಕಾಲದಲ್ಲಾಗಿದ್ದರೆ ಇದಕ್ಕೆ ನಕ್ಕು ಇನ್ನೊಂದು ಸೇರಿಸುತ್ತಿದ್ದಳು. ಆವತ್ತು ತಿರುಗಿಯೂ ನೋಡಲಿಲ್ಲ.

ನೇಕಾರರಾದ ನಮಗೆ ನಮ್ಮ ಬಗ್ಗೆ ಒಂದು ದೊಡ್ಡ ಕಥೆ ಇದೆ. ಹಿಂದೆ ದೇವತೆಗಳಿಗೆ ಉಡಲು ಬಟ್ಟೆ ಇರಲಿಲ್ಲವಂತೆ. ನಮ್ಮ ಮೂಲಪುರುಷ ಹೋಗಿ ವಿಷ್ಣುವಿನ ಹೊಕ್ಕುಳ ತಾವರೆಯ ದಂಟಿನಿಂದ ನೂಲು ತಂದು ನೇಯ್ದು ಕೊಟ್ಟನಂತೆ. ಮಗ್ಗದ ಮುಂದೆ ಕೂತು ಅಪ್ಪ ಇದನ್ನು ಹೇಳುವಾಗ, ದೇವರ ಮಾನ ಉಳಿದಿರುವುದೇ ನಮ್ಮಿಂದ ಅನ್ನುವ ಗತ್ತು ಅವನ ದನಿಯಲ್ಲಿರುತ್ತಿತ್ತು. ಅಷ್ಟು ದೊಡ್ಡ ವಂಶದ ಮನೆ ಎಷ್ಟಿತ್ತು ಅಂದರೆ, ಒಂದೇ ಹಜಾರ. ಅದರಲ್ಲಿ ಮಗ್ಗಕ್ಕೆ ಜಾಗ ಕೊಟ್ಟು ಉಳಿದದ್ದರಲ್ಲಿ ನಾವು. ಗೋಡೆಯಲ್ಲಿ ಒಂದು ಗೂಡು, ಅದೇ ಮಾಡ. ಮಾಡದೊಳಗೆ ಚೌಡಮ್ಮನ ಚಿಕ್ಕ ಪಟ, ಮಣ್ಣಿನ ದೀಪ, ಪಕ್ಕದಲ್ಲಿ ಒಂದು ತಗಡಿನ ಡಬ್ಬಿ. ಡಬ್ಬಿ ತುಂಬ ನುಣ್ಣನೆಯ ಬೂದಿ. ಮಗ್ಗಕ್ಕೆ ಕೂರುವಾಗ ಅವ್ವ ಮೊದಲು ಅದಕ್ಕೆ ಬೆರಳದ್ದುತ್ತಿದ್ದಳು.

ಆ ಡಬ್ಬಿಯನ್ನು ನಂಬಿ ಓದಿದವಳು ನಾನು. ಪರೀಕ್ಷೆಯ ದಿನ ಬೆಳಗ್ಗೆ ಎದ್ದು, ಮುಖ ತೊಳೆದು, ಡಬ್ಬಿಗೆ ಬೆರಳದ್ದಿ ಹಣೆಗೆ ಅಡ್ಡಕ್ಕೆ ಎಳೆದುಕೊಂಡರೆ ಲೆಕ್ಕದ ಪೇಪರ್ ಕೂಡ ಸ್ವಲ್ಪ ಸಣ್ಣದಾಗಿ ಕಾಣುತ್ತಿತ್ತು. ಕೊಯಮತ್ತೂರಿನ ಕಾಲೇಜಿಗೆ ಹೋಗುವಾಗ ಕಾಗದದಲ್ಲಿ ಒಂದು ಚಿಟಿಕೆ ಕಟ್ಟಿ ಪುಸ್ತಕದ ಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದೆ. ನೌಕರಿಯ ಸಂದರ್ಶನಕ್ಕೆ ಹೋದಾಗಲೂ ಅದೇ. ಯಾವ ಗುಡಿಯ ವಿಭೂತಿಯೂ ನನಗೆ ಅದರಷ್ಟು ಹಿಡಿಸಿದ್ದಿಲ್ಲ. ಗುಡಿಯದು ಬೆಳ್ಳಗೆ, ಘಮಘಮ; ಇದು ಸ್ವಲ್ಪ ಕಂದು, ವಾಸನೆ ಇಲ್ಲ, ಬೆರಳಿಗೆ ಹತ್ತಿದರೆ ಹಿಡಿದುಕೊಳ್ಳುತ್ತದೆ. ನಿಜವಾದ ದೇವರ ಪ್ರಸಾದ ಹೀಗೇ ಆಡಂಬರ ಇಲ್ಲದೆ ಇರುತ್ತದೆ ಅಂತ ನಾನೇ ಒಂದು ಸಿದ್ಧಾಂತವನ್ನೂ ಮಾಡಿಕೊಂಡಿದ್ದೆ. ಪದವಿ ಇದ್ದವರಿಗೆ ಇದೊಂದು ಅನುಕೂಲ. ಏನು ಮಾಡಿದರೂ ಅದಕ್ಕೊಂದು ಸಿದ್ಧಾಂತ ಸಿಗುತ್ತದೆ.

ಒಂದು ಭಾನುವಾರ ಬೆಳಗ್ಗೆ ಕರೆಂಟು ಹೋಯಿತು. ಫೋನಿನಲ್ಲೂ ಚಾರ್ಜ್ ಇರಲಿಲ್ಲ. ಮೆತ್ತಗಿನ ದನಿಯ ಗಂಡಸು ಇಲ್ಲದೆ ಧ್ಯಾನ ಮಾಡುವುದು ನನಗೆ ಗೊತ್ತಿಲ್ಲ. ಸರಿ, ಕನಿಷ್ಠ ಅವ್ವನ ಕಪಾಟಾದರೂ ಒರೆಸಿ ಜೋಡಿಸೋಣ ಅಂತ ಕೂತೆ. ಅವಳು ಊರಿಂದ ತಂದ ಗಂಟು ತಳದಲ್ಲಿ ಹಾಗೇ ಇತ್ತು. ಬಿಚ್ಚಿದರೆ ಮೇಲೆಯೇ ಆ ತಗಡಿನ ಡಬ್ಬಿ. ಎಷ್ಟು ವರ್ಷದ ಮೇಲೆ ನೋಡಿದ್ದು! ಅಲ್ಲೇ ಮಂಡಿಯೂರಿ ಕೂತು, ಮುಚ್ಚಳ ತೆಗೆದು, ಕಣ್ಣು ಮುಚ್ಚಿ, ಭಕ್ತಿಯಿಂದ ಹಣೆಗೆ ಎಳೆದುಕೊಂಡೆ.

"ಏನ್ ಅಮ್ಮಿಣಿ ಅದು, ಹಣೆಗೆ?"

ಅವ್ವ ಬಾಗಿಲಲ್ಲಿ ನಿಂತಿದ್ದಳು.

"ಇಬೂತಿ ಅವ್ವಾ. ನಮ್ಮ ಮಾಡದ್ದು."

"ಇಬೂತಿಯಾ?" ಅವಳು ಹತ್ತಿರ ಬಂದು ಡಬ್ಬಿಯೊಳಗೆ ಇಣುಕಿದಳು. ನನ್ನ ಹಣೆ ನೋಡಿದಳು. ಮತ್ತೆ ಡಬ್ಬಿ ನೋಡಿದಳು. "ಅದು ಒಲೆ ಬೂದಿ ಕಣೇ! ನೂಲು ಪಿಣೆಯೋಕೆ ಇಟ್ಟಿದ್ದು!"

"ಮಾಡದಲ್ಲಿ ಇತ್ತಲ್ಲವ್ವಾ, ಚೌಡಮ್ಮನ ಪಕ್ಕ."

"ಮಗ್ಗದಿಂದ ಕೈ ಚಾಚಿದ್ರೆ ಎಟುಕೋದು ಅದೊಂದೇ ಜಾಗ, ಅದಕ್ಕೆ ಅಲ್ಲಿಟ್ಟೆ. ಇಬೂತಿ ಬಾಗಿಲ ಹತ್ರ ಚಿಪ್ಪಲ್ಲಿ ನೇತಾಕಿರ್ಲಿಲ್ವಾ? ನೀನು ಯಾವತ್ತಿಂದ ಇದನ್ನ ಇಡ್ತಿದೀಯ?"

"ಸ್ಕೂಲಿಂದ. ಎಲ್ಲಾ ಪರೀಕ್ಷೆಗೂ. ಇಂಟರ್‌ವ್ಯೂಗೂ."

ಅವ್ವ ನಗಲು ಶುರುಮಾಡಿದಳು. ಮೊದಲು ಭುಜ ಮಾತ್ರ ಅಲ್ಲಾಡಿತು, ಆಮೇಲೆ ಸದ್ದು ಬಂತು, ಆಮೇಲೆ ನಿಲ್ಲಲಾಗದೆ ಮಂಚದ ಮೇಲೆ ಕೂತು ನಕ್ಕಳು. "ಅಯ್ಯೋ ಸಾಮಿ, ನಮ್ಮ ಮನೆ ಡಿಗ್ರಿ ಒಲೆ ಬೂದೀಲಿ ಬಂತಾ! ಏನುಂಗ ಅಳಿಯಂದ್ರೇ, ಇಲ್ಲಿ ಬನ್ನಿ, ನಿಮ್ಮ ಮ್ಯಾನೇಜರಮ್ಮನ ಹಣೆ ನೋಡಿ!" ನನ್ನ ಗಂಡ ಅರ್ಧ ಕ್ಷೌರದ ಮುಖದಲ್ಲೇ ಓಡಿ ಬಂದರು. ವಿಷಯ ಕೇಳಿ, "ಅದಕ್ಕೇ ಅತ್ತೆ, ನನ್ನ ಹೆಂಡ್ತಿ ಯಾವಾಗಲೂ ಒಲೆ ಮೇಲೆ ಇಟ್ಟಂಗೆ ಕುದೀತಿರ್ತಾಳೆ" ಅಂದರು. ನಾನು ಇಬ್ಬರ ನಡುವೆ ಬೂದಿ ಹಣೆಯಲ್ಲಿ ಕೂತಿದ್ದೆ. ನನಗೆ ಅವಮಾನವಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಆ ನಗುವಿಗೆ ನಾನು ಇನ್ನೂ ಹತ್ತು ಹಣೆ ಕೊಡಲು ಸಿದ್ಧಳಿದ್ದೆ. ಎಷ್ಟು ತಿಂಗಳಾಗಿತ್ತು ಅವಳು ನಕ್ಕು!

ನಗುವಿನ ಬಿಸಿ ಆರುವ ಮುಂಚೆ ನಾನು ಗಂಟಿನಲ್ಲಿದ್ದ ಇನ್ನೊಂದು ವಸ್ತುವನ್ನು ಎತ್ತಿದೆ. ಹಳೆಯ ಸೀರೆಯಲ್ಲಿ ಸುತ್ತಿದ ಉದ್ದನೆಯದು. "ಇದೇನವ್ವಾ?"

"ಅಚ್ಚು. ಬಿಚ್ಚಬೇಡ... ಬಿಚ್ಚು, ಆಗಲಿ."

ಅಚ್ಚು ಅಂದರೆ ಮಗ್ಗದಲ್ಲಿ ಹಾಸಿನ ಎಳೆಗಳನ್ನು ಒಂದೊಂದಾಗಿ ಸಾಲಿಗಿಡುವ, ಉದ್ದನೆಯ ಬಾಚಣಿಗೆಯಂಥ ಚೌಕಟ್ಟು. ಅದರ ಹಲ್ಲು ಹಲ್ಲಿನ ನಡುವೆಯೂ ನೂಲು ಹಾಗೇ ಇತ್ತು. ಎರಡೂ ಕಡೆ ಮೊಳದಷ್ಟು ಎಳೆಗಳು ಜಡೆಯ ಹಾಗೆ ಇಳಿಬಿದ್ದಿದ್ದವು. ಮಗ್ಗ ಬಿಚ್ಚಿ ಮರ ಮಾರಿದಾಗ ಇದನ್ನು ಮಾತ್ರ ಕೊಡಲಿಲ್ಲವಂತೆ. ನಮ್ಮ ಮನೆಗಳಲ್ಲಿ ಒಂದು ರೂಢಿ ಇದೆ. ನೇಯ್ಗೆ ಮುಗಿದು ಬಟ್ಟೆ ಕತ್ತರಿಸುವಾಗ ನೂಲನ್ನು ಪೂರ್ತಿ ಎಳೆದು ತೆಗೆಯುವುದಿಲ್ಲ. ಅಚ್ಚಿನಲ್ಲಿ ಸ್ವಲ್ಪ ಬಿಡುತ್ತಾರೆ. ಹೊಸ ಹಾಸು ಬಂದಾಗ ಅದರ ಒಂದೊಂದು ಎಳೆಯನ್ನೂ ಹಳೆಯದರ ತುದಿಗೆ ಬೂದಿ ಬೆರಳಲ್ಲಿ ಹೊಸೆದು ಸೇರಿಸಿಬಿಟ್ಟರೆ, ಹಳೆಯದು ಹೊಸದನ್ನು ತಾನೇ ಎಳೆದುಕೊಂಡು ಅಚ್ಚಿನೊಳಗೆ ಬರುತ್ತದೆ. ಇದನ್ನೇ ಪಿಣೆಯುವುದು ಅನ್ನುವುದು, ಹೆಂಗಸರ ಕೆಲಸ. ಬೂದಿ ಯಾಕೆಂದರೆ ಬೆವರಿದ ಬೆರಳಿನಲ್ಲಿ ನೂಲು ಜಾರುತ್ತದೆ. ಎಳೆ ಬಿಡದೆ ಅಚ್ಚನ್ನು ಬರಿದು ಮಾಡಿದರೆ ಎಲ್ಲವನ್ನೂ ಮೊದಲಿಂದ ಪೋಣಿಸಬೇಕು, ಅದು ಬೇಸರದ ಕೆಲಸ. ಜೊತೆಗೆ ಬರೀ ಅಚ್ಚು ಮನೆಯಲ್ಲಿ ಇರಬಾರದು ಅನ್ನುವ ನಂಬಿಕೆಯೂ ಇದೆ. ಮಗ್ಗವೇ ಇಲ್ಲದ ಮೇಲೂ ಅವ್ವ ಆ ಎಳೆಗಳನ್ನು ಬಿಟ್ಟುಕೊಂಡೇ ಬಂದಿದ್ದಳು.

"ಹೆಂಗೆ ಪಿಣೆಯೋದು, ತೋರ್ಸು."

"ಈ ಕೈಲಾ?"

"ಇನ್ಯಾರ ಕೈ ಇದೆ ನಿನ್ನ ಹತ್ರ?"

ಅವ್ವ ಬೆರಳನ್ನು ಬೂದಿಗೆ ಅದ್ದಿದಳು. ನಾನು ನನ್ನ ಬ್ಯಾಗಿನಲ್ಲಿದ್ದ ಕಂಪೆನಿಯ ಮಾದರಿ ನೂಲಿನ ಒಂದು ತುಂಡು ಕೊಟ್ಟೆ. ಹಳೆಯ ಎಳೆಯ ತುದಿಗೆ ಅದನ್ನು ಒತ್ತಿ ಹಿಡಿದು ಹೆಬ್ಬೆರಳಿನಿಂದ ಉರುಳಿಸಿದಳು. ಕೈ ನಡುಗುತ್ತಲೇ ಹೋಗಿತ್ತು. ನೂಲು ಹಿಡಿದ ಮೇಲೆ ನಡುಕ ಇಳಿಯಿತು. ನಿಂತೇಬಿಟ್ಟಿತು ಅಂತ ಬರೆದರೆ ಓದಲು ಚೆನ್ನಾಗಿರುತ್ತದೆ, ಹಾಗಾಗಲಿಲ್ಲ. ಇಳಿಯಿತು. ಡಾಕ್ಟರು ಅಂದದ್ದು ಆಗ ನನ್ನ ತಲೆಗೆ ಹೊಕ್ಕಿತು. ಆ ಎರಡು ಬೆರಳಿಗೆ ಕೊನೆಗೂ ತಮ್ಮ ವಸ್ತು ಸಿಕ್ಕಿತ್ತು. ಅವ್ವ ಎಳೆಯನ್ನು ಎಳೆದು ನೋಡಿದಳು. ಪಟ್ ಅಂತ ಬಿಟ್ಟುಕೊಂಡಿತು.

ನನ್ನ ಎದೆಯೂ ಪಟ್ ಅಂದಿತು. ಈಗ ಎದ್ದು ಹೋಗುತ್ತಾಳೆ ಅಂದುಕೊಂಡೆ.

"ಇದೂ ಒಂದು ನೂಲಾ?" ಅಂದಳು ಅವ್ವ. "ಬನಿಯನ್ ನೂಲು. ಹುರಿಯೇ ಇಲ್ಲ ಇದಕ್ಕೆ. ಸರಿಯಾದ ನೂಲು ತಂದು ಕೊಡು, ಮ್ಯಾನೇಜರು ಅಂತೆ."

ಮಾರನೆಯ ದಿನವೇ ಪಲ್ಲಡಂ ಕಡೆಯಿಂದ ಬರುವ ಒಬ್ಬರ ಕೈಯಲ್ಲಿ ಮಗ್ಗದ ನೂಲು ತರಿಸಿದೆ. ಅಲ್ಲಿಂದ ನಮ್ಮ ಬೆಳಗು ಬದಲಾಯಿತು. ಕುಕ್ಕರ್ ಇಟ್ಟು ಅದು ಕೂಗುವ ತನಕ ಅವ್ವನೂ ನಾನೂ ಅಚ್ಚಿನ ಎರಡು ಬದಿ ಕೂರುತ್ತೇವೆ. ಅವಳು ಕೆಲವು ಎಳೆ ಪಿಣೆಯುತ್ತಾಳೆ, ನಾನು ಕೆಲವು. ನನ್ನವು ಗಂಟು ಗಂಟು. "ನೂಲನ್ನ ಕೊಲ್ಲಬೇಡ, ಒತ್ತಿ ಬಿಡು" ಅನ್ನುತ್ತಾಳೆ. ಅದು ಯಾವ ಬಟ್ಟೆಯೂ ಆಗುವುದಿಲ್ಲ, ನಮಗೆ ಗೊತ್ತು. ಮಗ್ಗ ಇಲ್ಲದ ಹಾಸು. ಆ ಹೊತ್ತು ನಾನು ತಪ್ಪು ಹುಡುಕುವುದಿಲ್ಲ, ಯಾಕೆಂದರೆ ತಪ್ಪೆಲ್ಲ ನನ್ನವೇ, ಹುಡುಕುವ ಅಗತ್ಯವಿಲ್ಲ. ಉಸಿರು ಹೇಗಿತ್ತು ಅಂತ ಆಮೇಲೆ ನೆನಪಿಸಿಕೊಂಡರೂ ಗೊತ್ತಾಗುವುದಿಲ್ಲ.

ಮೊದಮೊದಲು ಒಂದು ಹಿಡಿಯಾದರೂ ಪೂರ್ತಿ ಮುಗಿಸಿ ಏಳಬೇಕು ಅಂತ ನನಗೆ ತವಕ. ಅವ್ವ ನನ್ನ ಮಣಿಕಟ್ಟು ಹಿಡಿಯುತ್ತಿದ್ದಳು. "ಬಿಡು. ನಾಳೆಗೆ ಎಳೆ ಬೇಕಲ್ವಾ?" ಆ ಮಾತು ಹೇಳುವಾಗ ಅವಳು ಉಪದೇಶವೇನೂ ಮಾಡುತ್ತಿರಲಿಲ್ಲ, ನೂಲಿನ ವಿಷಯವನ್ನೇ ಹೇಳುತ್ತಿದ್ದಳು. ಅದನ್ನು ನನ್ನ ಸೋಮವಾರಗಳಿಗೆ ಹಚ್ಚಿಕೊಂಡವಳು ನಾನು. ನಾನು ಪ್ರತಿ ಸಲ ಅಚ್ಚನ್ನು ಬರಿದು ಮಾಡಿ ಹೊಸದಾಗಿ ಪೋಣಿಸಲು ಕೂರುತ್ತಿದ್ದೆ. ಹೊಸ ಚಾಪೆ, ಹೊಸ ಆಪ್, ಹೊಸ ವ್ರತ. ನಿನ್ನೆಯದರಲ್ಲಿ ಒಂದು ಮೊಳ ಉಳಿಸಿಕೊಂಡಿದ್ದರೆ ಇವತ್ತಿನದು ಅದನ್ನೇ ಹಿಡಿದು ತಾನಾಗಿ ಬರುತ್ತಿತ್ತು. ಕೆಲವು ದಿನ ಆಡಿಟ್, ಕೆಲವು ದಿನ ಜ್ವರ, ಕೂರಲಾಗುವುದಿಲ್ಲ. ಪರವಾಗಿಲ್ಲ. ಎಳೆ ಅಚ್ಚಿನಲ್ಲೇ ಇರುತ್ತದೆ.

ಇಷ್ಟಾದರೂ ಅವ್ವ ದೀಪದ ಕಡೆ ಬರಲಿಲ್ಲ. ದೀಪ ನಾನೇ ಹಚ್ಚುತ್ತಿದ್ದೆ, ಮೊದಲಿನಷ್ಟು ಅವಸರವಿಲ್ಲದೆ. ಅವಳು ಅಚ್ಚಿನ ಮುಂದೆ ಕೂತು ಬೆನ್ನು ತಿರುಗಿಸಿಕೊಂಡಿರುತ್ತಿದ್ದಳು. ಬಾ ಅಂತ ನಾನು ಕರೆಯಲಿಲ್ಲ. ಕರೆದರೆ ಇದೂ ಹೋದೀತು ಅಂತ ಅಂಜಿಕೆ.

ಆಮೇಲೆ ಡಬ್ಬಿ ತಳ ಕಂಡಿತು. ನಮ್ಮದು ಗ್ಯಾಸ್ ಒಲೆ, ನಮ್ಮ ಇಡೀ ಕಟ್ಟಡದಲ್ಲಿ ಒಂದು ಚಿಟಿಕೆ ಬೂದಿ ಹುಟ್ಟುವುದಿಲ್ಲ. ಟಾಲ್ಕಂ ಪೌಡರ್ ಕೊಟ್ಟು ನೋಡಿದೆ. ಅವ್ವ ಮೂಸಿ ನೋಡಿ, "ನೂಲಿಗೆ ಮದುವೆ ಮಾಡ್ತಿದೀಯಾ?" ಅಂದಳು. ಆವತ್ತು ಕೊನೆಯ ಬೂದಿ ಕೆರೆದು ಮುಗಿಸಿ, ಅಚ್ಚನ್ನು ಹಳೆ ಸೀರೆಯಲ್ಲಿ ಸುತ್ತತೊಡಗಿದಳು. "ಆಯ್ತು ಬಿಡು. ಇಷ್ಟು ದಿನ ಆಯ್ತಲ್ಲ." ಅವಳ ಬಲಗೈ ಮತ್ತೆ ಸೆರಗಿನ ಕೆಳಗೆ ಹೋಯಿತು. ಮಾರನೆಯ ಬೆಳಗ್ಗೆ ಪ್ಲಾಸ್ಟಿಕ್ ಕುರ್ಚಿ ಬಾಲ್ಕನಿಗೆ ವಾಪಸ್ ಬಂದಿತ್ತು.

ಅದೇ ದಿನ ಅವಿನಾಶಿಯಲ್ಲಿ ಒಂದು ಯೂನಿಟ್ಟಿಗೆ ಸರಕು ನೋಡಲು ಹೋಗಬೇಕಿತ್ತು. ಬರುವಾಗ ಡ್ರೈವರಿಗೆ ಹೇಳಿ ಅಲ್ಲಿನ ಶಿವನ ಗುಡಿಯ ಹತ್ತಿರ ನಿಲ್ಲಿಸಿದೆ. ನಡೆದೇ ಒಳಗೆ ಹೋದೆ, ಎರಡೂ ಕೈ ಜೋಡಿಸಿದೆ, ಬರುವಾಗ ವಿಭೂತಿಯ ಪೊಟ್ಟಣ ತೆಗೆದುಕೊಂಡೆ, ಒಂದಲ್ಲ, ಕೈತುಂಬ. ಮರುದಿನ ಬೆಳಗ್ಗೆ ಅದನ್ನೆಲ್ಲ ತಗಡಿನ ಡಬ್ಬಿಗೆ ಸುರಿದು ಅವ್ವನ ಮುಂದೆ ಹಿಡಿದೆ.

"ಎಲ್ಲಿಂದ ತಂದೆ ಬೂದಿ?" ಮೂಸಿ ನೋಡಿದಳು. ಮುಖ ಬದಲಾಯಿತು. "ಏಯ್, ಇದು ಸಾಮಿ ಇಬೂತಿ!"

"ಹೂಂ."

"ಇದನ್ನ ನೂಲಿಗಾ? ಪಾಪ ಬರ್ತದೆ ಅಮ್ಮಿಣಿ."

"ಅಷ್ಟು ವರ್ಷ ಒಲೆ ಬೂದಿ ಹಣೆಗೆ ಇಟ್ಕೊಂಡೆ, ಅದಕ್ಕೆ ಸಾಮಿ ಏನಾದ್ರೂ ಅಂದ್ರಾ? ಎಲ್ಲಾ ಪರೀಕ್ಷೇಲೂ ಪಾಸು ಮಾಡಿದ್ರಲ್ಲ. ಇದಕ್ಕೂ ಏನೂ ಅನ್ನಲ್ಲ."

ಅವ್ವ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಮುಚ್ಚಳ ಹಾಕಿದಳು. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಆಮೇಲೆ, "ಕೇಳದೆ ಮಾಡಬಾರದು. ಒಂದು ಮಾತು ಕೇಳಿಬಿಡೋಣ" ಎಂದು ಕುರ್ಚಿಯ ಕೈ ಹಿಡಿದು ಎದ್ದಳು. ನನ್ನನ್ನು ದಾಟಿ, ಹಜಾರ ದಾಟಿ, ಅಡುಗೆಮನೆಯ ಮೂಲೆಯ ಹಲಗೆಯ ಮುಂದೆ ಹೋಗಿ ನಿಂತಳು. ನಾನು ಹಿಂದೆ ನಿಂತೆ. ಆವತ್ತು ಇನ್ನೂ ದೀಪ ಹಚ್ಚಿರಲಿಲ್ಲ.

"ದೀಪ ಇಲ್ಲದೆ ಏನ್ ಕೇಳೋದು?" ಅಂದಳು ಅವ್ವ. "ಆ ನೂಲು ತಾ. ಬತ್ತಿಗೆ ಇಬೂತಿ ಆದ್ರೆ ಪಾಪ ಇಲ್ಲ."

ಮಗ್ಗದ ನೂಲಿನ ನಾಲ್ಕು ಎಳೆ ಕೂಡಿಸಿ, ಡಬ್ಬಿಗೆ ಬೆರಳದ್ದಿ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉರುಳಿಸಿದಳು. ಬತ್ತಿಯಾಯಿತು. ಎಣ್ಣೆಯಲ್ಲಿ ನೆನೆಸಿ ದೀಪದಲ್ಲಿ ಇಟ್ಟು ತುದಿ ಹಿಡಿದುಕೊಂಡಳು. "ಕಡ್ಡಿ ನೀನು ಗೀರು." ಗೀರಿದೆ. ಈ ಸಲ ನಡುಗಿದ್ದು ನನ್ನ ಕೈ. ಅವ್ವ ನನ್ನ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದು ಬತ್ತಿಯ ಹತ್ತಿರ ತಂದಳು. ಹೊತ್ತಿಕೊಂಡಿತು. ಚೌಡಮ್ಮನನ್ನು ಅವಳು ಏನು ಕೇಳಿದಳೋ ನನಗೆ ಕೇಳಿಸಲಿಲ್ಲ. ತುಟಿ ಮಾತ್ರ ಅಲ್ಲಾಡಿತು, ಸ್ವಲ್ಪ ಹೆಚ್ಚೇ ಹೊತ್ತು. ಅಷ್ಟು ತಿಂಗಳ ಮಾತು ಬಾಕಿ ಇತ್ತಲ್ಲ.

ಬಂದು, ಸುತ್ತಿಟ್ಟಿದ್ದ ಅಚ್ಚನ್ನು ಬಿಚ್ಚಿ ಮುಂದೆ ಕೂತು, ದೇವರ ಬೂದಿಯಲ್ಲಿ ಒಂದು ಎಳೆ ಪಿಣೆದು ಎಳೆದು ನೋಡಿದಳು. ಬಿಟ್ಟುಕೊಳ್ಳಲಿಲ್ಲ.

"ನಯ ಸ್ವಲ್ಪ ಜಾಸ್ತಿ. ಆದ್ರೂ ಪರವಾಯಿಲ್ಲ, ಹಿಡೀತದೆ" ಎಂದು ದೇವರ ವಿಭೂತಿಯನ್ನು ಪಾಸು ಮಾಡಿದಳು.

ಏಳುವಾಗ ಬೆರಳಲ್ಲಿ ಉಳಿದದ್ದನ್ನು ನನ್ನ ಹಣೆಗೆ ಎಳೆದಳು. ಕೈ ನಡುಗಿ ಗೆರೆ ಹುಬ್ಬಿನ ತನಕ ಸೊಟ್ಟಗೆ ಹೋಯಿತು. ಒರೆಸಿಕೊಳ್ಳಲಿಲ್ಲ. ಹಾಗೇ ಊಟದ ಚೀಲ ಹಿಡಿದು ಸ್ಕೂಟರಿನ ಹಿಂದೆ ಕೂತೆ. ಪಿಳ್ಳೆಯಾರ್ ಗುಡಿ ಹತ್ತಿರ ಬಂತು. ಗಂಡನ ಎಡಗೈ ಹ್ಯಾಂಡಲ್ ಬಿಟ್ಟಿತು.

"ನಿನ್ನದೂ ಸೇರಿಸಿ ಹಾಕ್ಲಾ?"

"ಬೇಡ ಬಿಡಿ."

"ಯಾಕೆ, ಮನೇಲೇ ಮುಗಿಸಿಕೊಂಡು ಬಂದ್ಯಾ?"

"ಮುಗಿಸಿಲ್ಲ," ಅಂದೆ. "ನಾಳೆಗೆ ಎಳೆ ಬಿಟ್ಟು ಬಂದಿದೀನಿ."